ರುಕ್ಮಣಿ ಟೀಚರ್ ಸೆರಗಿನ ಗೂನುಬೆಟ್ಟ

ರುಕ್ಮಣಿ ಟೀಚರ್ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು. ನೆಗಮಂನ ನೇಕಾರರ ಬೀದಿಯಲ್ಲಿ ಹುಟ್ಟಿ, ಮಗ್ಗದ ಗುಂಡಿಗೆ ಇಳಿಯದೆ ಎಂ.ಎ. ಮಾಡಿದ ಮೊದಲ ಹೆಣ್ಣು ಎಂಬ ಹೆಮ್ಮೆ ಅವರಿಗಿತ್ತು. ಬೇರೆಯವರಿಗೂ ಇರಲೆಂದು ಆಗಾಗ ನೆನಪಿಸುತ್ತಿದ್ದರು.

ಅವರ ಮಾಳಿಗೆಯಿಂದ ದಕ್ಷಿಣಕ್ಕೆ ಆನೆಮಲೈ ಸಾಲು ಕಾಣುತ್ತದೆ. ಅದರಲ್ಲಿ, ರಾಷ್ಟ್ರೀಯ ಉದ್ಯಾನದೊಳಗಿನ ಒಂದು ಶಿಖರ ಎಡಕ್ಕೆ ಗೋಡೆಯಂತೆ ಕಡಿದು, ಬಲಕ್ಕೆ ಹುಲ್ಲಿನ ಇಳಿಜಾರಾಗಿ ಜಾರುತ್ತದೆ. ಬೀದಿಯವರು ಅದಕ್ಕೆ ಗೂನುಬೆಟ್ಟ ಎನ್ನುತ್ತಾರೆ. ಟೀಚರ್ ಅದನ್ನು ತಮ್ಮ ಸ್ವಂತದ್ದೆಂದೇ ತಿಳಿದಿದ್ದರು. ಹತ್ತಿ ನೋಡಲು ಅರಣ್ಯ ಇಲಾಖೆಗೆ ಎರಡು ಸಲ ಅರ್ಜಿ ಹಾಕಿದರು. ಎರಡು ಸಲವೂ ಪ್ರವೇಶವಿಲ್ಲ ಎಂಬ ಉತ್ತರ ಬಂತು. ಆಮೇಲೆ ಹತ್ತದ ಬೆಟ್ಟದ ಬಗ್ಗೆ ಇನ್ನಷ್ಟು ಖಚಿತವಾಗಿ ಪಾಠ ಮಾಡಿದರು.

ನಿವೃತ್ತರಾಗಿ ಎಂಟು ವರ್ಷಕ್ಕೆ ಶಾಲೆಗೆ ಐವತ್ತು ತುಂಬಿತು. ಮುಖ್ಯ ಅತಿಥಿ ಅವರೇ, ಮಾತಿನ ವಿಷಯ ಗೂನುಬೆಟ್ಟವೇ. ಕರೆದವಳು ಈಗಿನ ಹೆಡ್‌ಮಿಸ್ಟ್ರೆಸ್ ಕಲೈಸೆಲ್ವಿ, ಬೆಟ್ಟದಾಚೆಯ ಟೀ ತೋಟದಿಂದ ಬಂದು ಇಲ್ಲಿ ಓದಿದ ಹಳೆಯ ಶಿಷ್ಯೆ. ಏಳನೇ ಕ್ಲಾಸಿನಲ್ಲಿ ಅವಳು ಬೆಟ್ಟವನ್ನು ಎಡಬಲ ತಿರುಗಿಸಿ ಬರೆದಿದ್ದಳು. "ನಮ್ಮ ಪಕ್ಕದಿಂದ ಹೀಗೇ ಕಾಣೋದು ಟೀಚರ್" ಎಂದಿದ್ದಳು. "ಬೆಟ್ಟಕ್ಕೆ ಒಂದೇ ಆಕಾರ" ಎಂದು ಟೀಚರ್ ಆ ಚಿತ್ರವನ್ನು ಅವಳ ಎದೆಗೆ ಹಿಡಿಸಿ ಇಡೀ ಪೀರಿಯಡ್ ನಿಲ್ಲಿಸಿದ್ದರು. ಅದು ಅವರಿಗೆ ಚೆನ್ನಾಗಿ ನೆನಪಿತ್ತು, ತಮ್ಮ ಕಟ್ಟುನಿಟ್ಟಿಗೆ ಒಳ್ಳೆಯ ಉದಾಹರಣೆಯಾಗಿ.

ಈ ಸಲ ನಕ್ಷೆ ಬೇಡ, ಬೆಟ್ಟವನ್ನೇ ಉಟ್ಟು ಹೋಗುತ್ತೇನೆ ಎಂದುಕೊಂಡರು. ಗ್ರಾಫ್ ಕಾಗದದಲ್ಲಿ ಚೌಕ ಎಣಿಸಿ ಶಿಖರ ಬರೆದು, ನೇಯ್ಗೆಯಲ್ಲೇ ಉಳಿದಿದ್ದ ತಮ್ಮ ಪೊನ್ನುಸಾಮಿಗೆ ಕೊಟ್ಟರು.

"ಅಕ್ಕಾ, ಸೆರಗು ಮಗ್ಗದಾಗೆ ಬರೋದು..."

"ಬೆಟ್ಟ ಓದಿದವಳು ನಾನಾ, ನೀನಾ?"

"ನೀನೇ. ಆದ್ರೆ ಅಕ್ಕಾ..."

"ಒಂದು ಚೌಕ ಆಚೀಚೆ ಆಗಬಾರದು. ಬರೆದಂಗೇ ನೇಯಿ."

"ಸರಿ ತಾಯೀ."

ಸಮಾರಂಭದ ಬೆಳಿಗ್ಗೆ ಸೀರೆ ಬಿಚ್ಚಿದರೆ, ಪ್ರಪಾತ ಬಲಕ್ಕಿತ್ತು.

"ಪೊನ್ನಾ! ಬೆಟ್ಟ ತಿರುಗಿದೆಯಲ್ಲೋ!"

"ಸೀರೆ ಮುಖ ನೆಲಕ್ಕೆ ಮಾಡ್ಕೊಂಡೇ ನೇಯೋದು ಅಲ್ವೇನಕ್ಕಾ? ನಮಗೆ ಕಾಣೋದು ಬೆನ್ನು. ಬರೆದದ್ದನ್ನ ತಿರುವಿ ಹಾಕಬೇಕು. ಅದನ್ನೇ ಹೇಳಕ್ಕೆ ಬಂದೆ. ಒಂದು ಚೌಕ ಆಚೀಚೆ ಆಗಬಾರ್ದು ಅಂದೆ. ಆಗಿಲ್ಲ, ಎಣಿಸಿ ನೋಡು."

"ಒಂದು ತಿಂಗಳು ಸುಮ್ಮನಿದ್ಯಾ?"

"ಎಂ.ಎ. ಮುಂದೆ ಎಂಟನೇ ಕ್ಲಾಸು ಏನಕ್ಕಾ ಮಾತಾಡೋದು?"

ಐದು ವರ್ಷದವಳಾಗಿ ಅಪ್ಪನ ಮಗ್ಗದಡಿ ಮಲಗಿ, ಕೆಳಮುಖವಾಗಿ ಅರಳುವ ಹೂಗಳನ್ನು ನೋಡಿದ ಹೆಂಗಸು ಎರಡು ಡಿಗ್ರಿ ಪಡೆದು ಅದನ್ನು ಮರೆತಿದ್ದಾಳೆ ಎಂದು ಟೀಚರ್ ಕನ್ನಡಿಯಲ್ಲಿ ತಮ್ಮನ್ನೇ ದುರುಗುಟ್ಟಿ ನೋಡಿಕೊಂಡರು. ಸೀರೆಯನ್ನು ಒಳಮಗ್ಗುಲು ಹೊರಗೆ ಬರುವಂತೆ ಉಟ್ಟು ನೋಡಿದರು. ಬೆಟ್ಟ ಸರಿಹೋಯಿತು. ಆದರೆ ಬೆನ್ನ ತುಂಬ ಬಿಡಿನೂಲು ಜೋತು, ಮಳೆಯಲ್ಲಿ ನೆನೆದ ಮೇಕೆಯಂತೆ ಕಂಡರು. ಬೇರೆ ಸೀರೆ ಉಡುವಂತಿರಲಿಲ್ಲ. ಈ ಸೀರೆಯ ಸುದ್ದಿಯನ್ನು ಬೀದಿಗೆಲ್ಲ ಸಾರಿದ್ದವರು ಅವರೇ.

ಕೊನೆಗೆ ಲೆಕ್ಕ ಹಾಕಿದರು. ಸಭೆಯಲ್ಲಿ ಬಟ್ಟೆ ಬಲ್ಲವರು ಮುನ್ನೂರು ಜನ, ಬೆಟ್ಟ ಬಲ್ಲವರು ಬಹುಶಃ ತಾವೊಬ್ಬರೇ. ಹೀಗೆ ಮೂವತ್ತೊಂದು ವರ್ಷದ ಖಚಿತತೆಯನ್ನು ಮಡಿಸಿಟ್ಟು, ತಪ್ಪು ಬೆಟ್ಟವನ್ನು ಸರಿಮಗ್ಗುಲಿಗೆ ಉಟ್ಟು ಹೊರಟರು.

ವೇದಿಕೆ ಹತ್ತುವಾಗ ಹಿಂದೆ ಬರುತ್ತಿದ್ದ ಕಲೈಸೆಲ್ವಿ ಗಕ್ಕನೆ ನಿಂತಳು.

"ಟೀಚರ್, ಇದು ನಮ್ಮ ಪಕ್ಕದ ಬೆಟ್ಟ! ನಾನು ಬರೆದದ್ದು!" ಅವಳ ಕಣ್ಣು ತುಂಬಿತ್ತು. "ನೆನಪಿಟ್ಟುಕೊಂಡು ನೇಯಿಸಿದ್ದೀರಾ?"

ಹೌದು ಎಂದುಬಿಟ್ಟರೆ ಮಾನವೂ ಉಳಿಯುತ್ತಿತ್ತು, ಪುಣ್ಯವೂ ಸಿಗುತ್ತಿತ್ತು. ಟೀಚರ್ ಬಾಯಿ ತೆರೆದೂ ಬಿಟ್ಟರು. ಆದರೆ ತಪ್ಪು ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡದ ಹಳೆಯ ಚಾಳಿ ಅಡ್ಡ ಬಂತು.

"ಇಲ್ಲಮ್ಮಾ. ನಾನು ನೇಯಿಸಿದ್ದು ನನ್ನ ಪಕ್ಕದ್ದು. ನನ್ನ ದಡ್ಡತನಕ್ಕೆ ತಿರುಗಿಕೊಂಡಿದೆ. ಆಚೆ ಕಡೆಯಿಂದ ಹೀಗೇ ಕಾಣುತ್ತದೆ ಅಂತ ಇವತ್ತು ಗೊತ್ತಾಯಿತು. ಆವತ್ತು ನೀನು ಬರೆದದ್ದು ಸರಿ."

ಕಲೈಸೆಲ್ವಿ ಕಣ್ಣೊರೆಸಿಕೊಂಡು ಕುರ್ಚಿ ಎಳೆದಳು. ಟೀಚರ್ ಕೂರಲಿಲ್ಲ. ಸಭೆಗೆ ಬೆನ್ನು ಮಾಡಿ, ಎಲ್ಲರಿಗೂ ಕಾಣುವಂತೆ ಸೆರಗು ಹರಡಿ, "ನಿಂತೇ ಮಾತಾಡ್ತೀನಿ. ಒಂದು ಪೀರಿಯಡ್" ಎಂದರು.

"ಆವಾಗ ಪೀರಿಯಡ್ ನಲವತ್ತೈದು ನಿಮಿಷ ಟೀಚರ್," ಎಂದು ಕಲೈಸೆಲ್ವಿ ಗಡಿಯಾರ ನೋಡಿಕೊಂಡಳು.