ಅಡ್ಡಪೈಪಿನ ಆರು ಬೋಲ್ಟುಗಳು

ನನ್ನ ದೊಡ್ಡಪ್ಪನನ್ನು ವರ್ಕ್‌ಶಾಪಿನವರೆಲ್ಲ ಗುಮ್ಮ ಎಂದು ಕರೆಯುತ್ತಿದ್ದರು. ಮಕ್ಕಳನ್ನು ಹೆದರಿಸುವ ಗುಮ್ಮ ಅಲ್ಲ. ಎತ್ತಿನ ಹಾಗೆ ಗುಮ್ಮುತ್ತಿದ್ದುದರಿಂದ ಬಂದ ಹೆಸರು ಅದು.

ಅವರ ಕೆಲಸ ರೇಸ್ ಕಾರುಗಳಿಗೆ ರೋಲ್ ಕೇಜ್ ಕೂರಿಸುವುದು. ಕಾರು ಮಗುಚಿ ಉರುಳಿದಾಗ ಛಾವಣಿ ಕುಸಿದು ಒಳಗಿದ್ದವರು ಅಪ್ಪಚ್ಚಿಯಾಗಬಾರದೆಂದು ಒಳಗಡೆ ಬೆಸೆಯುವ ಉಕ್ಕಿನ ಪೈಪುಗಳ ಗೂಡು ಅದು. ಪೈಪುಗಳನ್ನು ಪೂರ್ತಿ ಬೆಸೆಯುವ ಮುಂಚೆ ಅಲ್ಲಲ್ಲಿ ಒಂದೊಂದು ಚುಕ್ಕೆ ವೆಲ್ಡಿಂಗ್ ಇಟ್ಟು, ದೊಡ್ಡಪ್ಪ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಳ್ಳುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ತಲೆಯನ್ನು ನಾಲ್ಕೂ ಕಡೆಗೆ ಬೀಸಿ ಬಡಿಯುತ್ತಿದ್ದರು. ತಲೆ ತಾಗಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಪೈಪನ್ನು ಕಿತ್ತು ಇನ್ನಷ್ಟು ಆಚೆಗೆ ಬಗ್ಗಿಸುತ್ತಿದ್ದರು.

"ಅಳತೆ ಟೇಪ್ ಇಲ್ವಾ ನಿಮ್ಹತ್ರ?" ಎಂದು ಯಾರಾದರೂ ಕೇಳಿದರೆ, "ಟೇಪಿಗೆ ನೋವಾಗಲ್ಲ" ಎನ್ನುತ್ತಿದ್ದರು.

ರೇಸಿನಲ್ಲಿ ತಲೆಗೆ ಹೆಲ್ಮೆಟ್ ಇರುತ್ತದೆ. ಅದೇ ಕಾರಿನಲ್ಲಿ ತರಕಾರಿ ತರಲು ಹೊರಟವನ ತಲೆಗೆ ಏನೂ ಇರುವುದಿಲ್ಲ. ಅವನ ಪಾಲಿಗೆ ಆ ಪೈಪು ಬರೀ ದೊಣ್ಣೆ. ಇದು ಅವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಅವರ ಹಣೆಯ ತುಂಬ ಹಳೆಯ ಗಾಯಗಳ ಗೆರೆಗಳಿದ್ದವು.

ಅವರ ಅಳಿಯ, ಎಂದರೆ ನನ್ನ ಭಾವ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುತ್ತಿದ್ದರು. ರಜೆ ಸಿಕ್ಕಾಗ ರೇಸಿಗೆ ಹೋಗುತ್ತಿದ್ದರು. ಇದ್ದದ್ದು ಒಂದೇ ಕಾರು. ಅವರು ಕೆಲಸಕ್ಕೆ ಹೋಗುವುದೂ ಅದರಲ್ಲೇ, ಆರು ವರ್ಷದ ಮಗಳು ಪುಟ್ಟಿಯನ್ನು ಶಾಲೆಗೆ ಬಿಡುವುದೂ ಅದರಲ್ಲೇ. ಆ ವರ್ಷದ ದೊಡ್ಡ ರೇಸಿಗೆ ಕೇಜ್ ಕಡ್ಡಾಯವಾಗಿತ್ತು.

"ಹಿಂದಿನ ಸೀಟು ತೆಗೀಬೇಡಿ ಮಾವ," ಎಂದರು ಭಾವ. "ಸೋಮವಾರ ಬೆಳಿಗ್ಗೆ ಮಾಮೂಲಿ ಕಾರಿನ ಥರಾನೇ ಇರ್ಬೇಕು."

"ಅಳಿಯಂದ್ರಿಗೆ ಹುಲಿನೂ ಬೇಕು, ಅದು ಎರಡು ಹೊತ್ತು ಹಾಲೂ ಕರೀಬೇಕು."

ಆದರೂ ದೊಡ್ಡಪ್ಪ ಒಪ್ಪಿದರು. ಮುಂದಿನ ಸೀಟುಗಳ ಬೆನ್ನಿಗೆ ಒಂದು ದೊಡ್ಡ ಕಮಾನು ನಿಲ್ಲಿಸಿದರು. ಕಮಾನಿನ ನಡುವೆ, ಡ್ರೈವರನ ಭುಜದ ಎತ್ತರಕ್ಕೆ, ರೇಸಿನ ಬೆಲ್ಟ್ ಕಟ್ಟಲು ಒಂದು ಅಡ್ಡಪೈಪು ಇಟ್ಟರು. ಆಮೇಲೆ ಹಿಂದಿನ ಸೀಟಿಗೆ ಹೋಗಿ, ಪುಟ್ಟಿಯ ಎತ್ತರಕ್ಕೆ ಬರುವಷ್ಟು ಕುಗ್ಗಿ ಕೂತು, ಸೊಂಟಕ್ಕೆ ಬೆಲ್ಟ್ ಹಾಕಿಕೊಂಡು, ತಲೆಯನ್ನು ಮುಂದಕ್ಕೆ ಬಿಟ್ಟರು.

ಅಡ್ಡಪೈಪು ಹುಬ್ಬಿನ ಮೇಲೆ ಬಡಿದು ಚರ್ಮ ಸೀಳಿತು. ರಕ್ತ ಮೂಗಿನ ಪಕ್ಕದಿಂದ ಇಳಿದು ಅಂಗಿ ನೆನೆಸಿತು.

"ಸ್ಪಂಜ್ ಸುತ್ತಿದ್ರಾಯ್ತಲ್ಲ," ಎಂದರು ಭಾವ.

ದೊಡ್ಡಪ್ಪ ರೇಸಿನವರು ಬಳಸುವ ಸ್ಪಂಜನ್ನೇ ಸುತ್ತಿ ಮತ್ತೆ ಗುಮ್ಮಿದರು. ಅದು ಹೆಲ್ಮೆಟ್ಟಿಗೆಂದು ಮಾಡಿದ ಗಟ್ಟಿ ಸ್ಪಂಜು. ಅದೇ ಗಾಯ ಇನ್ನೂ ಅಗಲಕ್ಕೆ ಬಾಯಿ ಬಿಟ್ಟಿತು. ಅವರು ಕಣ್ಣಿಗಿಳಿದ ರಕ್ತ ಒರೆಸಿಕೊಂಡು, "ಇನ್ನೂ ದಪ್ಪ ಸುತ್ಲಾ? ಇಲ್ಲ ನೀವೇ ಒಂದ್ಸಲ ಗುಮ್ಮಿ ನೋಡ್ತೀರಾ?" ಎಂದು ಕೇಳಿದರು. ಭಾವ ಮುಖ ಆಚೆ ತಿರುಗಿಸಿದರು.

ಕೊನೆಗೆ ಅಡ್ಡಪೈಪನ್ನು ಬೆಸೆಯದೆ, ಒಂದೊಂದು ತುದಿಗೆ ಮೂರರಂತೆ ಆರು ಬೋಲ್ಟು ಹಾಕಿದರು.

"ರೇಸಿಗೆ ಹಾಕೋದು, ಮನೆಗೆ ಬಂದ್ಮೇಲೆ ಬಿಚ್ಚೋದು. ಹತ್ತು ನಿಮಿಷದ ಕೆಲಸ. ಅದು ಇರೋವಾಗ ಪುಟ್ಟಿ ಹಿಂದೆ ಕೂರೋ ಹಾಗಿಲ್ಲ. ಎಲ್ಲಿ, ಬಾಯಿಬಿಟ್ಟು ಹೇಳಿ."

"ಕೂರ್ಸಲ್ಲ."

"ಪೂರ್ತಿ ಹೇಳಿ."

"ಅಡ್ಡಪೈಪು ಇರೋವಾಗ ಪುಟ್ಟಿನ ಕೂರ್ಸಲ್ಲ ಮಾವ. ಸಾಕಾ?"

ಎರಡು ತಿಂಗಳು ಭಾವ ಮಾತು ಉಳಿಸಿಕೊಂಡರು. ಅಭ್ಯಾಸದ ಓಟಗಳಿಗೆಂದು ಹಾಕಿ ಬಿಚ್ಚಿ ಹಾಕಿ ಬಿಚ್ಚಿ ಬೋಲ್ಟಿನ ತೂತುಗಳು ಸವೆದವು. ತಿರುವುಗಳಲ್ಲಿ ಅಡ್ಡಪೈಪು ಕಟಕಟ ಎನ್ನತೊಡಗಿತು. ಮೆಷಿನ್ನಿನ ಸದ್ದು ಕೇಳಿ ಕೇಳಿ ಬದುಕುವವರಿಗೆ ಸಡಿಲ ಲೋಹದ ಸದ್ದೆಂದರೆ ಹಲ್ಲುನೋವಿದ್ದ ಹಾಗೆ. ದೊಡ್ಡ ರೇಸಿಗೆ ಒಂದು ವಾರ ಇದ್ದಾಗ ಭಾವ ಇನ್ನೊಬ್ಬ ವೆಲ್ಡರನ ಹತ್ತಿರ ಹೋಗಿ ಆರೂ ಬೋಲ್ಟುಗಳ ತಲೆಗೆ ವೆಲ್ಡಿಂಗ್ ಚುಕ್ಕೆ ಇಡಿಸಿದರು. ಸದ್ದು ನಿಂತಿತು. ಪೈಪು ಬಿಚ್ಚುವುದೂ ನಿಂತಿತು.

ರೇಸು ಭಾನುವಾರ ಇತ್ತು. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ದೊಡ್ಡಪ್ಪ ಮಗಳ ಮನೆಗೆ ಹೋದರು. ಗೇಟು ತೆಗೆದವಳು ಪುಟ್ಟಿ. ಅವಳ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು, ಕಣ್ಣಿನವರೆಗೂ ನೀಲಿಗಟ್ಟಿತ್ತು. ಮೇಲಿನ ತುಟಿಗೆ ಹೊಲಿಗೆ ಬಿದ್ದಿತ್ತು.

"ಏನೇ ಇದು?"

"ನಾಯಿ ಅಡ್ಡ ಬಂತು ತಾತ. ಅಪ್ಪ ಬ್ರೇಕ್ ಹಾಕಿದ್ರು. ಪೈಪು ಹೊಡೀತು." ಅವಳು ತುಟಿ ಎತ್ತಿ ತೋರಿಸಿದಳು. "ಹಲ್ಲೂ ಹೋಯ್ತು. ಅದು ಹೇಗಿದ್ರೂ ಬೀಳೋದಿತ್ತಂತೆ, ಅಪ್ಪ ಹೇಳಿದ್ರು."

ದೊಡ್ಡಪ್ಪ ಅಂಗಳದಲ್ಲಿದ್ದ ಕಾರಿನ ಬಾಗಿಲು ತೆಗೆದು ಬೋಲ್ಟುಗಳ ಮೇಲೆ ಬೆರಳಾಡಿಸಿದರು. ತಮ್ಮ ವ್ಯಾನಿನಿಂದ ಲೋಹ ಕತ್ತರಿಸುವ ಗ್ರೈಂಡರ್ ತಂದರು. ಮನೆಯ ಕಿಟಕಿಯ ಒಳಗಿದ್ದ ಅಕ್ಕನಿಗೆ, ಎಂದರೆ ಅವರ ಮಗಳಿಗೆ, ವೈರಿನ ತುದಿ ಕೊಟ್ಟು, "ಚುಚ್ಚಮ್ಮ" ಎಂದರು. ಅಕ್ಕ ಪ್ಲಗ್ ಚುಚ್ಚಿದಳು.

ಗ್ರೈಂಡರ್ ಕಿರುಚಿತು. ಕಿಡಿಗಳು ಚಿಮ್ಮಿ ಸೀಟಿನ ಬಟ್ಟೆ ಸುಟ್ಟವು. ಭಾವ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದವರು ಹಾಗೇ ಓಡಿ ಬಂದು ದೊಡ್ಡಪ್ಪನ ಕಾಲು ಹಿಡಿದು ಹೊರಕ್ಕೆ ಎಳೆದರು. ದೊಡ್ಡಪ್ಪ ಅವರ ಎದೆಗೆ ಒದ್ದರು. ಭಾವ ಗೇಟಿಗೆ ಬಡಿದು ಬಿದ್ದರು. ಅಷ್ಟರಲ್ಲಿ ಅಡ್ಡಪೈಪಿನ ಎರಡೂ ತುದಿ ತುಂಡಾಗಿ, ಪೈಪು ಟಣ್ಣೆಂದು ನೆಲಕ್ಕೆ ಬಿತ್ತು. ದೊಡ್ಡಪ್ಪ ಗ್ರೈಂಡರ್ ತಂದದ್ದು ಅಷ್ಟಕ್ಕೇ.

ಭಾವ ಎದ್ದು ಉಗುಳಿದರು. ಉಗುಳಿನಲ್ಲಿ ರಕ್ತವಿತ್ತು. "ಕತ್ರಿಸ್ಕೊಳ್ಳಿ. ಇವತ್ತು ಸಂಜೆನೇ ಇನ್ನೊಂದು ಹಾಕಿಸ್ತೀನಿ. ಈ ಸಲ ಬೋಲ್ಟೇ ಇರಲ್ಲ, ಸುತ್ತ ಬೆಸೆದುಬಿಡ್ತೀನಿ."

"ಬೆಸೀತೀಯಾ?" ಎಂದರು ದೊಡ್ಡಪ್ಪ. ಅಳಿಯನನ್ನು ಅವರು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅವರು ಗ್ರೈಂಡರನ್ನು ಕಮಾನಿಗೆ ಇಟ್ಟರು. ಕತ್ತರಿಸಿ ಜೋಡಿಸಿದ ಕಮಾನನ್ನು ರೇಸಿನ ತಪಾಸಣೆಯವರು ಒಪ್ಪುವುದಿಲ್ಲ. ಹೊಸದು ಕೂರಿಸಲು ಎರಡು ವಾರ ಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಭಾವ ಡಿಕ್ಕಿಯಿಂದ ವ್ಹೀಲ್ ಸ್ಪ್ಯಾನರ್ ತೆಗೆದು ದೊಡ್ಡಪ್ಪನ ಬಲ ಮುಂಗೈಗೆ ಹೊಡೆದರು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ಗ್ರೈಂಡರ್ ಸೀಟಿನ ಮೇಲೆ ಬಿದ್ದು ಕುಣಿಯುತ್ತ ಅದರ ಸ್ಪಂಜನ್ನು ಕಚ್ಚಿ ಹರಿಯಿತು. ದೊಡ್ಡಪ್ಪ ಅದನ್ನು ಎಡಗೈಯಲ್ಲಿ ಎತ್ತಿಕೊಂಡರು. ಭಾವ ಭುಜಕ್ಕೆ ಇನ್ನೊಂದು ಏಟು ಹಾಕಿದರು. ದೊಡ್ಡಪ್ಪ ಕಮಾನನ್ನು ಬಿಡಲಿಲ್ಲ.

"ಪ್ಲಗ್ ಕೀಳೇ," ಎಂದು ಭಾವ ಕಿಟಕಿಯತ್ತ ಕೂಗಿದರು.

ಅಕ್ಕ ಅಲ್ಲಾಡಲಿಲ್ಲ. ಪುಟ್ಟಿ ಅವಳ ಸೊಂಟ ತಬ್ಬಿಕೊಂಡಿದ್ದಳು.

"ಕೇಳಿಸ್ತಿಲ್ವಾ? ನಿಮ್ಮಪ್ಪನ ಕೈ ಮುರಿದಿದೆ. ಸತ್ತೇ ಹೋಗ್ತಾರೆ. ಆಫ್ ಮಾಡು."

ಮುರಿದ ಕೈ ಅಕ್ಕನಿಗೂ ಕಾಣುತ್ತಿತ್ತು. ಆ ಮನೆಯ ಪ್ಲಗ್ ಯಾವಾಗಲೂ ಸಡಿಲ, ಗ್ರೈಂಡರ್ ನಡುನಡುವೆ ತೊದಲುತ್ತಿತ್ತು. ಅಕ್ಕ ಒಂದು ಕೈಯಲ್ಲಿ ಮಗಳ ಕಣ್ಣು ಮುಚ್ಚಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಪ್ಲಗ್ಗನ್ನು ಗೋಡೆಗೆ ಒತ್ತಿ ಹಿಡಿದಳು. ಕಮಾನು ಎರಡಾಗುವವರೆಗೂ ಹಾಗೇ ಹಿಡಿದಿದ್ದಳು.