ಮೈಸೂರಿನ ಹೂವು, ಬೆಂಗಳೂರಿನ ಹೂವು

ಗೆಳೆಯರೇ, ಇಷ್ಟು ದಿನ ನಿಮಗೂ ಹೇಳಿರಲಿಲ್ಲ. ನನಗೆ ಸಿಕ್ಕಿದ್ದ ಎರಡು ಕೆಲಸಗಳಲ್ಲಿ ನನ್ನ ಮನಸ್ಸಿದ್ದದ್ದು ಮೈಸೂರಿನ ಸಾಧಾರಣ ಆಡಿಟರ್ ಆಫೀಸಿನ ಮೇಲೆ. ಬೆಂಗಳೂರಿನದು ದೊಡ್ಡ ಆಫೀಸು, ಆದರೆ ದಿನವಿಡೀ ಬಿಲ್ಲುಗಳಲ್ಲಿ ತಪ್ಪಿದೆಯೇ ಎಂದು ನೋಡಿ ಟಿಕ್ ಹಾಕುವುದಷ್ಟೇ ಕೆಲಸ. ಮೈಸೂರಿನವರು ನನ್ನಂಥ ಶಾಲೆ ಬಿಟ್ಟವನಿಗೂ ಪೂರ್ತಿ ಲೆಕ್ಕ ಕಲಿಸುತ್ತೇವೆ ಅಂದಿದ್ದರು.

ಹತ್ತಿರವೆಂದು ಅವ್ವನಿಗೂ ಮೈಸೂರೇ ಬೇಕು. ಅಪ್ಪ ಬೆಂಗಳೂರು ಅಂದರು. ಜಗಳ ಬೇಡವೆಂದು ಇವತ್ತು ಮಾಂಬಳ್ಳಿಯ ಮಾರಮ್ಮನ ಗುಡಿಯಲ್ಲಿ ಹೂ ಕೇಳಿದೆವು. ದೇವಿಯ ಬಲಗಡೆಯ ಹೂವು ಮೊದಲು ಬಿದ್ದರೆ ಮೈಸೂರು, ಎಡಗಡೆಯದು ಬಿದ್ದರೆ ಬೆಂಗಳೂರು.

ಪೂಜಾರಿ ನನ್ನ ಸೋದರಮಾವ. ಎಡಗಡೆಯ ಹೂವನ್ನು ನೀರಿನಲ್ಲಿ ಅದ್ದಿ ಒತ್ತಿ ಅಂಟಿಸಿದ. ಬಲಗಡೆಯದನ್ನು ಬೇಗ ಬೀಳಲೆಂದು ಒದ್ದೆ ಮಾಡದೆ ಹಾಗೇ ಸಿಕ್ಕಿಸಿದ.

"ಮಾವ, ಅದನ್ನೂ ನೀರಲ್ಲಿ ಅದ್ದಿ ಅಂಟ್ಸು" ಅಂದೆ.

"ಸುಮ್ನಿರ್ಲಾ, ನಿಂಗೇ ಒಳ್ಳೇದಾಗ್ಲಿ ಅಂತ ಮಾಡಿವ್ನಿ."

ನಾನು ಬಿಡಲಿಲ್ಲ. ಮಾವ ಗೊಣಗುತ್ತಲೇ ಅದ್ದಿದ.

ಸ್ವಲ್ಪ ಹೊತ್ತಿಗೆ ಎಡಗಡೆಯದೇ ಬಿತ್ತು. ಅಪ್ಪ ಕೈಮುಗಿದರು.

"ನೀನು ಬಾಯಿ ಮುಚ್ಕಂಡಿದ್ರೆ ಮಾರಮ್ಮನೂ ಒಪ್ಕತಿದ್ಲು ಕಣ್ಲಾ" ಅಂದಳು ಅವ್ವ.

ದೇವರ ಮುಂದೆಯೂ ತಪ್ಪು ಹುಡುಕುವವನಿಗೆ ಟಿಕ್ ಹಾಕುವ ಕೆಲಸವೇ ಸರಿ. ನಾಳೆ ಬೆಳಿಗ್ಗೆ ಟ್ರಂಕು ತೆಗೆದುಕೊಂಡು ಬೆಂಗಳೂರಿಗೆ ಹೊರಡುತ್ತೇನೆ.