ಬೆರಕಿ ಉಂಗುರದ ಹಟ

ನನ್ನ ಎಡಗೈಯ ಉಂಗುರ ಬೆರಳು ಇವತ್ತೂ ನನ್ನ ಬಳಿಯೇ ಇದೆ. ಇದೂ ಒಂದು ಸುದ್ದಿಯೇ ಎಂದು ನಗಬೇಡಿ. ಕಳೆದ ವಾರ ಅದನ್ನು ಕಳೆದುಕೊಂಡೇಬಿಡುತ್ತೇನೆ ಎಂದು ನಾನು ಹೆದರಿದ್ದೆ.

ನಾನೂ ಯಜಮಾನರೂ ಜಾಂಬೋಟಿ ಕಡೆ ಪರಿಚಯದವರ ಗದ್ದೆ ನೋಡಲು ಹೋಗಿದ್ದೆವು. ಗೇಟು ತೆಗೆಯಲು ಕೈ ಚಾಚಿದ್ದೇ ತಡ, ಅದರಡಿ ಗೂಡು ಕಟ್ಟಿದ್ದ ಕಣಜ ಸರಿಯಾಗಿ ಆ ಬೆರಳಿಗೇ ಕುಟುಕಿತು. ಆ ಬೆರಳಲ್ಲಿ ಎರಡು ಉಂಗುರ. ಒಂದು ಮದುವೆಯದು, ಇಪ್ಪತ್ತೆರಡು ಕ್ಯಾರೆಟ್, ಖಾನಾಪುರದ ಪತ್ತಾರ ಕಾಕಾ ಕೈಯಾರೆ ಮಾಡಿದ್ದು. (ಅಕ್ಕಸಾಲಿಗರಿಗೆ ನಮ್ಮ ಕಡೆ ಪತ್ತಾರರು ಎನ್ನುತ್ತೇವೆ.) ಇನ್ನೊಂದು ಹದಿನಾಲ್ಕು ಕ್ಯಾರೆಟ್, ಬೆಳಗಾವಿಯ ಶೋರೂಮಿನದು, ಮದುವೆಯ ಬೆಳ್ಳಿಹಬ್ಬಕ್ಕೆ ನಮ್ಮ ಯಜಮಾನರು ಕೊಟ್ಟದ್ದು.

ಅವರಿಗೆ ಆಟೋ ನಗರದಲ್ಲಿ ಲೇತ್ ವರ್ಕ್‌ಶಾಪ್ ಇದೆ. ಗಟ್ಟಿ ಇದ್ದದ್ದೇ ಒಳ್ಳೆಯದು ಎಂಬುದು ಅವರ ಸಿದ್ಧಾಂತ. ಮದುವೆ ಉಂಗುರ ಸೊಟ್ಟಗಾದಾಗಲೆಲ್ಲ ನಗುತ್ತಿದ್ದರು. ಹೊಸದನ್ನು ಕೊಡುವಾಗ, ಇದರ ಮೇಲೆ ಟ್ರಕ್ ಹೋದರೂ ಏನೂ ಆಗುವುದಿಲ್ಲ ಎಂದು ಬೀಗಿದ್ದರು. ನನ್ನ ಬೆರಳಿನ ಮೇಲೆ ಟ್ರಕ್ ಯಾಕೆ ಹೋಗಬೇಕು ಎಂದು ಆಗಲೇ ಕೇಳಬೇಕಿತ್ತು.

ಖಾನಾಪುರ ತಲುಪುವಷ್ಟರಲ್ಲಿ ಬೆರಳು ಊದಿ ನೀಲಿಗಟ್ಟಿತ್ತು. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟರು. ಸಾಬೂನು, ಎಣ್ಣೆ, ದಾರ ಎಲ್ಲವೂ ಸೋತವು. ಉಂಗುರ ಕತ್ತರಿಸುವ ಕಟರ್ ಅಲ್ಲಿರಲಿಲ್ಲ. ರಕ್ತದ ಓಡಾಟ ನಿಂತರೆ ಬೆರಳಿಗೇ ಸಂಚಕಾರ, ಮೊದಲು ಪಕ್ಕದ ಓಣಿಯ ಪತ್ತಾರರ ಹತ್ತಿರ ಓಡಿ ಎಂದರು ಡಾಕ್ಟರು.

ಪತ್ತಾರ ಕಾಕಾ ಮೊದಲು ತಾವೇ ಮಾಡಿದ ಉಂಗುರ ಹಿಡಿದರು. ಕತ್ತರಿಯ ಒಂದೇ ಕಚ್ಚು. ಇಕ್ಕಳದಿಂದ ಅಗಲಿಸಿದರು, ಅದು ತಣ್ಣಗೆ ಬಾಯಿ ತೆರೆದು ಹೊರಬಂತು. ಚರ್ಮಕ್ಕೆ ಒಂದು ಗೀರೂ ಇಲ್ಲ.

ಇನ್ನೊಂದು? ಕತ್ತರಿ ಜಾರಿತು. ಸಣ್ಣ ಗರಗಸದ ತಂತಿಯಂಥ ಎಳೆ ಪಟ್ಟನೆ ತುಂಡಾಯಿತು. ಮತ್ತೊಂದು ಎಳೆ ಹಾಕಿದರು, ಅದೂ ಹೋಯಿತು. ಉಗುರು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅಳು ಬಂತು, ಅತ್ತುಬಿಟ್ಟೆ. ಯಜಮಾನರು ನನ್ನ ಮೊಣಕೈ ಹಿಡಿದು ಬೆವರುತ್ತಿದ್ದರು.

'ಇದು ಬೆರಕಿ ಐತ್ರಿ ವೈನಿ,' ಎಂದರು ಕಾಕಾ. 'ಚೊಕ್ಕ ಬಂಗಾರ ಹೇಳಿದ ಮಾತು ಕೇಳ್ತೈತಿ. ಇದು ಕೇಳೂದಿಲ್ಲ.'

ವೈನಿ ಎಂದರೆ ಅತ್ತಿಗೆ, ಬೆರಕಿ ಎಂದರೆ ಬೆರೆಸಿದ್ದು. ಕಿಲಾಡಿ ಮನುಷ್ಯನಿಗೂ ನಾವು ಅದೇ ಮಾತು ಬಳಸುತ್ತೇವೆ. ಇಪ್ಪತ್ನಾಲ್ಕು ಪಾಲಿನಲ್ಲಿ ಹತ್ತು ಪಾಲು ತಾಮ್ರ ಗಿಮ್ರ ಸೇರಿಸಿಕೊಂಡು ಬಂಗಾರ ಎಂದು ಹೆಸರಿಟ್ಟುಕೊಂಡದ್ದು ಕಿಲಾಡಿತನವಲ್ಲದೆ ಮತ್ತೇನು? ಮೂರನೇ ಎಳೆಗೆ ಕೊನೆಗೂ ಅದು ತುಂಡಾಯಿತು, ಜೊತೆಗೆ ನನ್ನ ಚರ್ಮವೂ ಸ್ವಲ್ಪ. ಆದರೂ ಬಾಗಲೊಲ್ಲದು. ಇನ್ನೊಂದು ಕಡೆಯೂ ಕತ್ತರಿಸಿಯೇ ತೆಗೆಯಬೇಕಾಯಿತು.

ನಿಧಾನಕ್ಕೆ ಬೆರಳು ಕೆಂಪಾಯಿತು. ಅಷ್ಟರಲ್ಲಿ ಕಾಕಾ ಮದುವೆ ಉಂಗುರಕ್ಕೆ ಬೆಸುಗೆ ಹಾಕಿ ಉಜ್ಜಿ ಕೊಟ್ಟರು. ಕತ್ತರಿಸಿದ ಗುರುತೇ ಸಿಗುವುದಿಲ್ಲ. ಇಷ್ಟು ವರ್ಷವಾದರೂ ಅದೇ ಬಣ್ಣ, ಒಂದು ದಿನವೂ ತುರಿಕೆ ತಂದದ್ದಿಲ್ಲ, ನಾಳೆ ಕರಗಿಸಿದರೂ ಬಹುಪಾಲು ಬಂಗಾರವೇ. (ಹರಳು ಕೂರಿಸಲು ಗಟ್ಟಿಯದೇ ಬೇಕು, ಒಪ್ಪುತ್ತೇನೆ. ನನಗೆ ಹರಳು ಬೇಡ.)

ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ. ಅವಳಿಗೂ ಅದೇ ಶೋರೂಮಿನಲ್ಲಿ ಹದಿನಾಲ್ಕು ಕ್ಯಾರೆಟ್ ಉಂಗುರಕ್ಕೆ ಆರ್ಡರ್ ಕೊಟ್ಟಿದ್ದೆವು. ಬದಲಾಯಿಸುತ್ತೇನೆ ಎಂದಾಗ, ಡಿಸೈನ್ ಹಾಳಾಗುತ್ತದೆ ಎಂದು ಮಗಳು ಮುಖ ಊದಿಸಿದಳು. ಊದಿಸಲಿ, ಬೆರಳು ಊದುವುದಕ್ಕಿಂತ ವಾಸಿ. ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಫೋನ್ ಮಾಡಿ, ಇಪ್ಪತ್ತೆರಡು ಕ್ಯಾರೆಟ್‌ನಲ್ಲೇ ಬೇಕು ಎಂದೆ. ಈ ಸಲ ನಂಬರು ಒತ್ತಿ ಕೊಟ್ಟವರು ಯಜಮಾನರೇ.

ಸೇಲ್ಸ್‌ಮನ್ ಬಲು ಮರ್ಯಾದೆಯಿಂದ ಎಚ್ಚರಿಸಿದ: 'ಮೇಡಂ, ಅದು ಬಾಗ್ತೈತ್ರಿ.'

'ಬಾಗ್ಲಿ ಅಂತನ ಕೇಳಾಕತ್ತೀನ್ರಿ.'